‘ಜಾಣ’ ಎಂಬ ಬಿರುದಿನ ಭಾರ

“ಲೆಕ್ಕ ಇವಳ ತಲೆಗೆ ಹತ್ತುವುದಿಲ್ಲ. ನನಗೂ ಹತ್ತುತ್ತಿರಲಿಲ್ಲ.” ಪರೀಕ್ಷೆಯ ಅಂಕಗಳು ಕೈಗೆ ಬಂದ ದಿನ ಅನೇಕ ತಾಯಂದಿರು ಮಗಳ ಎದುರೇ ಆಡುವ ಮಾತಿದು. ಮಗಳನ್ನು ಸಮಾಧಾನಪಡಿಸುವುದೇ ಅವರ ಉದ್ದೇಶವಿರಬಹುದು. ಆದರೆ ಆಕೆ ತಿಳಿದುಕೊಳ್ಳುವುದೇ ಬೇರೆ. ಬುದ್ಧಿಯೂ ಮೂಗಿನ ಆಕಾರದಂತೆ ಹುಟ್ಟಿನಿಂದ ಬಂದದ್ದು, ಅದಕ್ಕೆ ಯಾರೂ ಏನೂ ಮಾಡುವಂತಿಲ್ಲ ಎಂದು. ದಡ್ಡ ಎಂದು ಬೈದರೆ ಮಕ್ಕಳಿಗೆ ಹಾನಿ ಎಂಬುದು ಎಲ್ಲರಿಗೂ ಗೊತ್ತು. ಜಾಣ ಎಂದು ಹೊಗಳಿದರೂ ಹಾನಿಯಾಗಬಹುದು ಎಂದರೆ ನಂಬುವವರು ಕಡಿಮೆ.

ಅಮೆರಿಕದ ಮನಶ್ಶಾಸ್ತ್ರಜ್ಞೆಯರಾದ ಕ್ಲಾಡಿಯಾ ಮುಲ್ಲರ್ ಮತ್ತು ಕ್ಯಾರೊಲ್ ಡ್ವೆಕ್ ಇದನ್ನು ಪರೀಕ್ಷಿಸಿ ನೋಡಿ 1998ರಲ್ಲಿ ಪ್ರಕಟಿಸಿದರು. ಐದನೇ ತರಗತಿಯ ಮಕ್ಕಳಿಗೆ ಬಿಡಿಸಲು ಚಿತ್ರದ ಒಗಟುಗಳನ್ನು ಕೊಟ್ಟರು. ‘ಚೆನ್ನಾಗಿ ಮಾಡಿದೆ’ ಎಂದು ಎಲ್ಲರನ್ನೂ ಹೊಗಳಿದರು. ಜೊತೆಗೆ ಕೆಲವರಿಗೆ ‘ನೀನು ಬುದ್ಧಿವಂತನಿರಬೇಕು’ ಎಂದೂ ಇನ್ನು ಕೆಲವರಿಗೆ ‘ನೀನು ಬಹಳ ಶ್ರಮಪಟ್ಟಿರಬೇಕು’ ಎಂದೂ ಹೇಳಿದರು. ವ್ಯತ್ಯಾಸ ಅಷ್ಟೇ, ಒಂದು ವಾಕ್ಯದ್ದು. ಮುಂದೆ ಎಂತಹ ಒಗಟು ಬೇಕೆಂದು ಕೇಳಿದಾಗ ಬುದ್ಧಿವಂತರೆನಿಸಿಕೊಂಡವರಲ್ಲಿ ಹೆಚ್ಚಿನವರು ತಮ್ಮ ಹೆಸರು ಕೆಡದಂತಹದ್ದನ್ನು ಆರಿಸಿದರು. ಶ್ರಮಕ್ಕೆ ಹೊಗಳಿಸಿಕೊಂಡವರಲ್ಲಿ ಬಹುತೇಕ ಎಲ್ಲರೂ ಹೊಸದೇನಾದರೂ ಕಲಿಯಲು ಸಿಗುವುದನ್ನು ಆರಿಸಿದರು. ಬಳಿಕ ತುಂಬ ಕಠಿಣವಾದ ಒಗಟುಗಳನ್ನು ಕೊಟ್ಟು, ಈ ಸಲ ಚೆನ್ನಾಗಿ ಮಾಡಲಿಲ್ಲ ಎಂದು ತಿಳಿಸಲಾಯಿತು. ಕೊನೆಗೆ ಪುನಃ ಮೊದಲಿನ ಮಟ್ಟದವನ್ನೇ ಕೊಟ್ಟಾಗ ‘ಬುದ್ಧಿವಂತರು’ ಮೊದಲಿಗಿಂತ ಕಡಿಮೆ ಬಿಡಿಸಿದರು. ‘ಶ್ರಮಪಟ್ಟವರು’ ಮೊದಲಿಗಿಂತ ಹೆಚ್ಚು ಬಿಡಿಸಿದರು.

ಇದಕ್ಕಿಂತಲೂ ಕಳವಳ ಹುಟ್ಟಿಸುವ ವಿಷಯ ಇನ್ನೊಂದಿದೆ. ಬೇರೆ ಶಾಲೆಯ ಅಪರಿಚಿತ ಮಗುವಿಗೆ ನಿನ್ನ ಅಂಕ ಎಷ್ಟೆಂದು ಬರೆದು ತಿಳಿಸು ಎಂದಾಗ, ಬುದ್ಧಿಗೆ ಹೊಗಳಿಸಿಕೊಂಡ ಮಕ್ಕಳಲ್ಲಿ ಮೂರನೇ ಒಂದಕ್ಕಿಂತ ಹೆಚ್ಚಿನವರು ಸುಳ್ಳು ಬರೆದರು. ಬಿರುದು ಉಳಿಯಬೇಕಲ್ಲ! ಅಂಕಪಟ್ಟಿಯನ್ನು ಚೀಲದಲ್ಲಿ ಬಚ್ಚಿಡುವ ನಮ್ಮ ಮಕ್ಕಳ ಸಂಕಟವೂ ಇದೇ ಇರಬಹುದೇ?

ಬುದ್ಧಿಯನ್ನು ಅಳೆಯುವ ಪರೀಕ್ಷೆಯನ್ನು 1905ರಲ್ಲಿ ರೂಪಿಸಿದ ಫ್ರಾನ್ಸಿನ ಆಲ್ಫ್ರೆಡ್ ಬಿನೆ ಕೂಡ ಬುದ್ಧಿ ಬೆಳೆಯದ ವಸ್ತು ಎಂಬುದನ್ನು ಒಪ್ಪಿರಲಿಲ್ಲ. ಹಿಂದುಳಿದ ಮಕ್ಕಳನ್ನು ಗುರುತಿಸಿ ಅವರಿಗೆ ನೆರವಾಗುವುದೇ ಆ ಪರೀಕ್ಷೆಯ ಗುರಿಯಾಗಿತ್ತು. ಅದನ್ನು ಹಣೆಬರಹವಾಗಿಸಿದವರು ಅವನ ನಂತರ ಬಂದವರು.

ಹಾಗೆಂದು, ಶ್ರಮಪಟ್ಟರೆ ಎಲ್ಲರೂ ಎಲ್ಲವನ್ನೂ ಸಾಧಿಸಬಹುದು ಎನ್ನುವ ಭಾಷಣಕಾರರ ಮಾತನ್ನೂ ನಾನು ಒಪ್ಪಲಾರೆ. ತಪ್ಪು ದಾರಿಯಲ್ಲೇ ದಿನವಿಡೀ ಉರು ಹೊಡೆಯುವ ಮಗುವಿಗೆ ‘ಇನ್ನೂ ಪ್ರಯತ್ನಿಸು’ ಎನ್ನುವುದು ಬರೀ ಹಿಂಸೆ. ಬರಿಯ ಶ್ರಮವನ್ನು ಹೊಗಳಿದರೆ ಸಾಲದು ಎಂದು ಡ್ವೆಕ್ ಅವರೇ ಹೇಳಿದ್ದಾರೆ. ಎಲ್ಲಿ ತಪ್ಪಿತು, ಯಾವ ಹಂತದಲ್ಲಿ ಲೆಕ್ಕ ಕೈಕೊಟ್ಟಿತು ಎಂದು ಉತ್ತರಪತ್ರಿಕೆಯನ್ನು ಮುಂದಿಟ್ಟುಕೊಂಡು ಯಾರಾದರೂ ಕುಳಿತು ನೋಡಬೇಕು. ಅಮ್ಮನಿಗೆ ಲೆಕ್ಕ ಬಾರದಿದ್ದರೂ ಚಿಂತೆಯಿಲ್ಲ. ‘ಈ ಸಾಲಿನವರೆಗೆ ಹೇಗೆ ಬಂದೆ, ನನಗೂ ಹೇಳಿಕೊಡು’ ಎಂದು ಆಕೆ ಕೇಳಬಹುದು.

ಫಲ ಸಿಕ್ಕರೂ ಅದು ಪವಾಡವಲ್ಲ. ಬುದ್ಧಿ ಬೆಳೆಯುತ್ತದೆ ಎಂಬುದನ್ನು ಅಮೆರಿಕದ ಸುಮಾರು 12,000 ಒಂಬತ್ತನೇ ತರಗತಿಯ ವಿದ್ಯಾರ್ಥಿಗಳಲ್ಲಿ ಅರ್ಧದಷ್ಟು ಮಂದಿಗೆ ಒಂದು ಗಂಟೆಗೂ ಕಡಿಮೆ ಅವಧಿಯಲ್ಲಿ ಮನವರಿಕೆ ಮಾಡಿಸಿದ ಅಧ್ಯಯನವೊಂದು 2019ರಲ್ಲಿ ಪ್ರಕಟವಾಯಿತು. ಹಿಂದುಳಿದ ಮಕ್ಕಳ ಅಂಕಗಳು ಏರಿದವು, ಆದರೆ ಅಲ್ಪವೇ. 2022ರಲ್ಲಿ ಅದೇ ಮಾಹಿತಿಯನ್ನು ಇನ್ನಷ್ಟು ಕೆದಕಿದಾಗ ಗಣಿತದಲ್ಲಿ ಒಂದು ವಿಷಯ ಸ್ಪಷ್ಟವಾಯಿತು. ಬುದ್ಧಿ ಬೆಳೆಯುತ್ತದೆಂದು ಸ್ವತಃ ನಂಬಿದ್ದ ಶಿಕ್ಷಕರ ತರಗತಿಗಳಲ್ಲಿ ಮಕ್ಕಳು ಮುಂದೆ ಬಂದಿದ್ದರು. ಶಿಕ್ಷಕರಿಗೇ ಆ ನಂಬಿಕೆ ಇಲ್ಲದಿದ್ದಲ್ಲಿ ಮಕ್ಕಳಿಗೆ ಹೇಳಿಕೊಟ್ಟದ್ದು ಹೆಚ್ಚೇನೂ ಪ್ರಯೋಜನಕ್ಕೆ ಬರಲಿಲ್ಲ.