ಆನ್‌ಲೈನ್ ಪಾಠಕ್ಕೂ ಆಡಿಟ್ ಬೇಕು

ಅಂಗಡಿಯ ಲೆಕ್ಕಕ್ಕೆ ಆಡಿಟ್ ಬೇಕೆಂದು ನಮಗೆ ತರಗತಿಯಲ್ಲಿ ಕಲಿಸುತ್ತಾರೆ. ಮನೆಯಲ್ಲಿ ಕೂತು ಕಲಿಯಲು ಕೊಡುವ ಟಿವಿ, ಆ್ಯಪ್, ವಿಡಿಯೊಗಳಿಗೆ ಏಕೆ ಬೇಡ?

2020ರಲ್ಲಿ ನಾನು ಎಂಟನೇ ತರಗತಿ. ಆ ಜುಲೈನಲ್ಲಿ ಚಂದನ ವಾಹಿನಿಯಲ್ಲಿ 8ರಿಂದ 10ನೇ ತರಗತಿಯವರಿಗೆ ‘ಸಂವೇದ’ ಪಾಠಗಳು ಶುರುವಾದವು. ಮನೆಯಲ್ಲಿದ್ದ ಒಂದೇ ಫೋನನ್ನು ಅಬ್ಬಾ ಕೆಲಸಕ್ಕೆ ಒಯ್ಯುತ್ತಿದ್ದರು. ಹಾಗಾಗಿ ಟಿವಿಯೇ ನನ್ನ ಶಾಲೆ. ರೀಚಾರ್ಜ್ ಚಿಂತೆ ಇರಲಿಲ್ಲ. ಮನೆಮಾತು ಉರ್ದುವಾದ ನನಗೆ ದಿನವೂ ಒಳ್ಳೆಯ ಕನ್ನಡ ಕಿವಿಗೆ ಬಿತ್ತು. ಆದರೆ ಕರೆಂಟ್ ಹೋದರೆ ಅಂದಿನ ಪಾಠವೂ ಹೋಯಿತು. ಯೂಟ್ಯೂಬ್‌ನಲ್ಲಿ ಮತ್ತೆ ನೋಡೋಣವೆಂದರೆ ಫೋನ್ ಮನೆಗೆ ಬರುತ್ತಿದ್ದುದು ರಾತ್ರಿ. ಆಗ ಭಾಯಿಜಾನ್ ಸರದಿ.

ಟಿವಿಗೆ ಪ್ರಶ್ನೆ ಕೇಳಲೂ ಆಗದು. ಆಗಸ್ಟ್‌ನಲ್ಲಿ ‘ವಿದ್ಯಾಗಮ’ ಶುರುವಾಗಿ ಮೇಡಂ ನಮ್ಮ ಓಣಿಗೇ ಬಂದರು. ತಿಂಗಳಿಂದ ತಲೆಯಲ್ಲಿದ್ದ ಬೀಜಗಣಿತದ ಗೊಂದಲ ಹತ್ತು ನಿಮಿಷದಲ್ಲಿ ಬಗೆಹರಿಯಿತು. ಸೋಂಕಿನ ಭಯದಿಂದ ಅಕ್ಟೋಬರ್‌ನಲ್ಲಿ ಅದೂ ನಿಂತಿತು.

ಈಗ ನಾನು ದ್ವಿತೀಯ ಪಿಯುಸಿ. ಕ್ಲಾಸ್ ತಪ್ಪಿದ ದಿನ ಗ್ರೂಪಿಗೆ ಅಕೌಂಟೆನ್ಸಿ ವಿಡಿಯೊ ಬರುತ್ತದೆ. ನಿಲ್ಲಿಸಿ ನಿಲ್ಲಿಸಿ ನೋಡಬಹುದು, ನಿಜ. ಆದರೆ ಪಾಲುದಾರ ನಿವೃತ್ತನಾದಾಗ ಗುಡ್‌ವಿಲ್ ಅನ್ನು ನಾನು ತಪ್ಪು ಖಾತೆಗೆ ಡೆಬಿಟ್ ಮಾಡಿದರೆ ವಿಡಿಯೊ ತಿದ್ದುವುದಿಲ್ಲ. ನೀಲಿ ಟಿಕ್ ಬಿತ್ತೆಂದರೆ ಮೆಸೇಜ್ ತೆರೆದಿದ್ದೇವೆ ಅಷ್ಟೇ, ಪಾಠ ತಿಳಿದಿದೆ ಎಂದಲ್ಲ.

ಅದಕ್ಕೇ ನನ್ನ ಆಡಿಟ್‌ನಲ್ಲಿ ಮೂರೇ ಪ್ರಶ್ನೆ. ಮನೆಯಲ್ಲಿ ಫೋನ್ ಇದೆಯೇ ಎಂದಲ್ಲ, ಅದು ವಿದ್ಯಾರ್ಥಿಯ ಕೈಗೆ ಎಷ್ಟು ಹೊತ್ತು ಸಿಗುತ್ತದೆ? ತಪ್ಪಿದ ಪಾಠ ಮತ್ತೆ ಸಿಗುತ್ತದೆಯೇ? ಸಂಶಯ ಕೇಳಲು ಯಾರಾದರೂ ಇದ್ದಾರೆಯೇ? ಸಂವೇದ ನನಗೆ ಮೊದಲನೆಯದರಲ್ಲಿ ಪಾಸ್, ಉಳಿದೆರಡರಲ್ಲಿ ಫೇಲ್. ಗ್ರೂಪಿನ ವಿಡಿಯೊ ಎರಡನೆಯದರಲ್ಲಿ ಮಾತ್ರ ಪಾಸ್.

ತಂತ್ರಜ್ಞಾನವೇ ಬೇಡ ಎನ್ನುತ್ತಿಲ್ಲ. ಯಾದಗಿರಿ, ಶಹಾಪುರ, ಸುರಪುರ ಕಡೆಯಿಂದ ಎಷ್ಟೋ ಕುಟುಂಬಗಳು ದುಡಿಯಲು ಬೆಂಗಳೂರಿಗೆ ಹೋಗುತ್ತವೆ. ಜೊತೆಗೆ ಹೋಗುವ ಮಕ್ಕಳಿಗೆ ದೂರದ ಪಾಠವೇ ಆಸರೆ. ಅವರಿಗಾಗಿಯಾದರೂ ಅದು ಸರಿಯಾಗಿರಬೇಕು.

ನಮ್ಮ ಉಪನ್ಯಾಸಕರಲ್ಲಿ ಎರಡು ವಿನಂತಿ. ಹೊಸ ಆ್ಯಪ್ ಆರಿಸುವ ಮುನ್ನ ಈ ಮೂರು ಪ್ರಶ್ನೆಗಳನ್ನು ಚೀಟಿಯಲ್ಲಿ ಕೊಡಿ, ಹೆಸರು ಬರೆಸಬೇಡಿ. ಹೆಸರಿದ್ದರೆ ಫೋನ್ ಇಲ್ಲವೆಂದು ಬರೆಯಲು ನಾಚಿಕೆಯಾಗುತ್ತದೆ. ವಿಡಿಯೊ ಕಳಿಸಿದ ಮರುದಿನ ಸಂಶಯ ಕೇಳಲು ಅರ್ಧ ಗಂಟೆ ಕೊಡಿ. ಮೊದಲ ಪ್ರಶ್ನೆ ನನ್ನದೇ ಇರುತ್ತದೆ.