ದೊಡ್ಡ ಕಡತಕ್ಕೆ ಬಾಗಿಲಲ್ಲೇ ತಡೆ ಬೇಕು
ಕಾಲೇಜೊಂದರ ಗಿಟ್ ಸರ್ವರ್ ನೋಡಿಕೊಳ್ಳುವವಳು ನಾನು. ವಿದ್ಯಾರ್ಥಿಗಳು ಪ್ರಾಜೆಕ್ಟ್ ಕೋಡ್ ಜೊತೆಗೆ ಡೆಮೊ ವಿಡಿಯೊ, ಡೇಟಾಬೇಸಿನ ಪೂರ್ತಿ ಪ್ರತಿ ಎಲ್ಲವನ್ನೂ ಏರಿಸುತ್ತಾರೆ. ಮರುದಿನ ಅಳಿಸಿದರೂ ಭಾರ ಇಳಿಯದು. ಗಿಟ್ ಹಳೆಯ ಆವೃತ್ತಿಗಳನ್ನೆಲ್ಲ ಜೋಪಾನ ಮಾಡುತ್ತದೆ. ಆಮೇಲೆ ಆ ಪ್ರಾಜೆಕ್ಟನ್ನು ಇಡಿಯಾಗಿ ಇಳಿಸಿಕೊಳ್ಳುವ ಪ್ರತಿಯೊಬ್ಬರಿಗೂ ಆ ವಿಡಿಯೊ ಗಂಟುಬೀಳುತ್ತದೆ, ಊರಿನಲ್ಲಿ ಮೊಬೈಲ್ ಡೇಟಾ ನಂಬಿ ಕೂತ ಹುಡುಗಿಗೂ. ಇತಿಹಾಸವನ್ನೇ ತಿದ್ದಿ ಅದನ್ನು ಕಿತ್ತುಹಾಕಬಹುದು, ಆದರೆ ಆಗ ಇಡೀ ತಂಡದ ಕೆಲಸ ಅಸ್ತವ್ಯಸ್ತ.

ಗಿಟ್‌ಹಬ್ 50 ಎಂಬಿ ದಾಟಿದ ಕಡತಕ್ಕೆ ಎಚ್ಚರಿಕೆ ಕೊಡುತ್ತದೆ, 100 ಮೀರಿದರೆ ಒಳಗೇ ಬಿಡುವುದಿಲ್ಲ. ಸಣ್ಣ ಸರ್ವರ್‌ಗಳಿಗೆ ಇಂಥ ಮಿತಿ ಇನ್ನೂ ಅಗತ್ಯ. ಏರಿಸಿದ್ದನ್ನು ಒಳಗೆ ಬಿಡುವ ಮೊದಲು ಸರ್ವರ್‌ನಲ್ಲೇ ಪರೀಕ್ಷಿಸುವ, ಪ್ರಿ-ರಿಸೀವ್ ಹುಕ್ ಎಂಬ ಪುಟ್ಟ ಸ್ಕ್ರಿಪ್ಟ್ ಸಾಕು. ಆದರೆ ಬರೀ ತಡೆದರೆ ಮಕ್ಕಳು ಕಂಗಾಲಾಗುತ್ತಾರೆ. ಯಾವ ಕಡತ ದೊಡ್ಡದು, ದೊಡ್ಡ ಕಡತಗಳನ್ನು ಬೇರೆಯಾಗಿ ಇಡುವ ಗಿಟ್ ಎಲ್‌ಎಫ್‌ಎಸ್‌ಗೆ ಅದನ್ನು ಹೇಗೆ ಸೇರಿಸಬೇಕು ಎಂಬುದನ್ನು ತಡೆಯುವಾಗ ತೋರಿಸುವ ಸಂದೇಶವೇ ಕನ್ನಡದಲ್ಲಿ ಹೇಳಬೇಕು.