ಮುಪ್ಪಿಗೆ ಹಾರ ಹಾಕಿ ಕೂರಿಸಬೇಡಿ

ಮುಪ್ಪು ಪ್ರಕೃತಿಯ ವರ, ಅದನ್ನು ತಡೆಯಹೊರಡುವುದು ಅಹಂಕಾರ ಎಂದು ಲೇಖನವೊಂದರಲ್ಲಿ ವಾದಿಸಿದ ಲೇಖಕರು ಸಂಗೀತ ಗುರು ಪುಟ್ಟರಾಜ ಗವಾಯಿಗಳನ್ನು ಸಾಕ್ಷಿಗೆ ಕರೆದಿದ್ದಾರೆ. 1914ರಲ್ಲಿ ಹುಟ್ಟಿ 2010ರವರೆಗೆ ಬಾಳಿದ ಗವಾಯಿಗಳ ತುಂಬುಜೀವನ ಗದಗಿನವರಿಗೆ ಹೊಸದಲ್ಲ. ಆದರೆ ಅವರ ಸುತ್ತ ವೀರೇಶ್ವರ ಪುಣ್ಯಾಶ್ರಮವಿತ್ತು, ಕೈಹಿಡಿದು ನಡೆಸುವ ಶಿಷ್ಯರಿದ್ದರು. ಬೆಟಗೇರಿಯ ಕುಣಿಮಗ್ಗದಲ್ಲಿ ನಲವತ್ತು ವರ್ಷ ಕಾಲಿಳಿಬಿಟ್ಟು ಕೂತ ನೇಕಾರನಿಗೆ ಏನಿದೆ? ಸಂಧ್ಯಾ ಸುರಕ್ಷಾ ಪಿಂಚಣಿಯೆಂದು ತಿಂಗಳಿಗೆ 1200 ರೂಪಾಯಿ. ಮೊಣಕಾಲು ಹಿಡಿದು, ನೂಲಿನ ಎಳೆ ಕಾಣದಂತಾದಾಗ ‘ಇದು ವರ ಕಣಪ್ಪಾ’ ಎಂದು ಹೇಳಿ ನೋಡಿ. ಲಾಳಿ ಬೀಸಿ ಒಗೆದಾನು.

ಮುಪ್ಪು ತಡೆಯುವುದು ಪ್ರಕೃತಿಗೆ ವಿರುದ್ಧ ಎಂಬ ಮಾತಂತೂ ಜೊಳ್ಳು. ಮುಂಡರಗಿ, ಶಿರಹಟ್ಟಿ ಕಡೆಯ ಅಜ್ಜಿಯರು ಕಣ್ಣಿನ ಪೊರೆ ತೆಗೆಸಿಕೊಂಡು ಬಂದು ಮತ್ತೆ ಜೋಳ ಹಸನು ಮಾಡುತ್ತಾರೆ. ಮುಪ್ಪನ್ನು ಹಿಂದಕ್ಕೆ ದೂಡುವುದೆಂದರೆ ಅದೇ ಅಲ್ಲವೇ?

ಇನ್ನು ಮದ್ದಿನ ಮಾತು. ರಾಪಾಮೈಸಿನ್ ಎಂಬ ಔಷಧ ಕೊಟ್ಟಾಗ ಮುದಿ ಇಲಿಗಳ ಆಯುಷ್ಯ ಹೆಚ್ಚಿತೆಂದು 2009ರಲ್ಲೇ ವರದಿಯಾಗಿದೆ, ಮನುಷ್ಯರಲ್ಲಿ ಸಾಬೀತಾಗಿಲ್ಲ. ಹಾಗೆಂದು ಕಪ್ಪತಗುಡ್ಡದ ಬೇರಿನ ಹೆಸರಿನಲ್ಲಿ ಯೌವನ ಮಾರುವವರ ವಕಾಲತ್ತು ನನ್ನದಲ್ಲ.

ಮುಪ್ಪು ತಡೆಯುವ ಮದ್ದು ದುಡ್ಡಿದ್ದವರ ಪಾಲಾದೀತೆಂಬ ಲೇಖಕರ ಭಯ ಮಾತ್ರ ನನಗೂ ಇದೆ. ಮಗನ ಯೌವನ ಪಡೆದ ಯಯಾತಿ ರಾಜನಾಗಿದ್ದ, ಕೂಲಿಯವನಲ್ಲ. ಅದಕ್ಕೆ ಸಂಶೋಧನೆಯನ್ನೇ ನಿಲ್ಲಿಸಬೇಕೆ? ಮದ್ದು ಲಕ್ಷ್ಮೇಶ್ವರದ ಸರ್ಕಾರಿ ಆಸ್ಪತ್ರೆಯ ತನಕ ಬರಲಿ ಎಂದು ಜಗಳಾಡೋಣ, ನಾನೂ ಜೊತೆಗಿರುತ್ತೇನೆ.

ಅಂದಹಾಗೆ, ಲೇಖನದ ಜೊತೆಗಿನ ಭಾವಚಿತ್ರದಲ್ಲಿ ಲೇಖಕರು ದಪ್ಪ ಗಾಜಿನ ಚಾಳೀಸು ಹಾಕಿದ್ದಾರೆ.